ಕುರಿ ಹಿಂದೆ ಹೋದ ಕೆಂಪಯ್ಯ

ಮಳವಳ್ಳಿ

ಇಂಗ್ಲೆಂಡಿಗೆ ಹೋಗಿ ಬಂದವರು ಸೇತುವೆ, ಅರಮನೆ, ಗಡಿಯಾರದ ಗೋಪುರ ಎಂದು ಬರೆಯುತ್ತಾರೆ. ನಾನು ಅದ್ಯಾವುದನ್ನೂ ನೋಡಲಿಲ್ಲ. ನನಗೆ ಸಿಕ್ಕ ಮೂರು ದಿನದ ಬಿಡುವನ್ನು ಒಂದು ದಾಖಲೆ ಕಚೇರಿಯಲ್ಲೂ ಒಂದು ಚರ್ಚಿನ ಸ್ಮಶಾನದಲ್ಲೂ ಕಳೆದು, ಹೋಗುವಾಗ ಇದ್ದ ಸಿಟ್ಟಿಗಿಂತ ದೊಡ್ಡ ಸಿಟ್ಟು ಹೊತ್ತುಕೊಂಡು ಬಂದೆ. ಅದನ್ನೇ ಬರೆಯುತ್ತಿದ್ದೇನೆ. ಸುಂದರ ದೃಶ್ಯ ಬೇಕಾದವರು ಬೇರೆ ಪುಸ್ತಕ ನೋಡಿಕೊಳ್ಳಬಹುದು.

ಶುರುವಾದದ್ದು ನಮ್ಮ ಮನೆ ಜಗಲಿಯಲ್ಲಿ. ನಮ್ಮ ಕಡೆ ಹೆಳವರು ಬರುತ್ತಾರೆ. ಒಂದೊಂದು ಮನೆಯ ವಂಶಾವಳಿಯೂ ಅವರ ಪುಸ್ತಕದಲ್ಲಿರುತ್ತದೆ. ಕೆಲವು ವರ್ಷಕ್ಕೊಮ್ಮೆ ಬಂದು, ಯಾರ ಮಗ ಯಾರು ಎಂದು ರಾಗವಾಗಿ ಓದಿ, ಹೊಸದಾಗಿ ಹುಟ್ಟಿದವರನ್ನು ಬರೆದುಕೊಂಡು, ರಾಗಿ ಇಸಿದುಕೊಂಡು ಹೋಗುತ್ತಾರೆ. ಹಿಂದೆ ಎತ್ತಿನ ಮೇಲೆ ಬರುತ್ತಿದ್ದರಂತೆ. ಈಗ ನಮ್ಮ ಹೆಳವ ಬರುವುದು ಮೊಪೆಡ್ಡಿನಲ್ಲಿ.

ಆ ಸಲ ಅವನು ಓದುತ್ತಾ, ನಮ್ಮ ಮುತ್ತಾತನ ತಲೆಮಾರಿಗೆ ಬಂದಾಗ ‘ಗಂಡುಮಕ್ಕಳು ಇಬ್ಬರು, ಹಿರಿಯವನು ಕೆಂಪಯ್ಯ, ಕಿರಿಯವನು ಬೋರಯ್ಯ’ ಎಂದ. ಅಪ್ಪ ಕೈಯೆತ್ತಿದರು.

“ತಡಿ ತಡಿ. ನಮ್ಮ ತಾತ ಬೋರಯ್ಯ ಒಬ್ನೇ ಮಗ ಕಣಯ್ಯ.”

“ಒಬ್ನೇ ಅಂದೋರ್ ಯಾರು ಸಾಮಿ? ಇಲ್ಲಿ ಇಬ್ರವ್ರೆ. ಕೆಂಪಯ್ಯ, ಬಿಳೀ ದೊರೆ ಬಂಡೂರ್ ಕುರಿ ತಕ್ಕಂಡ್ ಓದಾಗ ಕುರಿ ಜೊತೆ ಕಡಲಾಚೆ ಓದ. ಮುಂದಿಂದು ನಮ್ಮ ತಾತನೂ ಬರ್ದಿಲ್ಲ, ನಮ್ಮಪ್ಪನೂ ಬರ್ದಿಲ್ಲ.”

“ಸಾಕ್ ಬುಡಯ್ಯ ಹಳೇ ಪುರಾಣ, ರಾಗಿ ಇಸ್ಕೊಂಡ್ ನಡಿ,” ಎಂದರು ದೊಡ್ಡಪ್ಪ. ಅವರು ಅಪ್ಪನ ಅಣ್ಣ. ಮನೆಯಲ್ಲಿ ಕೊನೆಯ ಮಾತು ಅವರದೇ ಆಗಬೇಕು.

ಅಪ್ಪ ಮಾತ್ರ ಅವತ್ತಿನಿಂದ ಸರಿಯಾಗಿ ಊಟ ಮಾಡಲಿಲ್ಲ. ಅವರ ಸಂಕಟ ಇಷ್ಟೇ: ಪಿತೃಪಕ್ಷದಲ್ಲಿ ಮನೆಯ ಸತ್ತವರಿಗೆಲ್ಲ ಒಂದೊಂದು ಎಲೆ ಹಾಕಿ, ಒಬ್ಬೊಬ್ಬರ ಹೆಸರನ್ನೂ ಕೂಗಿ ಕರೆದು, ಬಾಗಿಲು ಮುಂದಕ್ಕೆಳೆದುಕೊಂಡು ಅವರು ಉಣ್ಣುವ ತನಕ ಹೊರಗೆ ಕಾಯುತ್ತೇವೆ. ಇದೇ ನಮ್ಮ ಎಡೆ. ಕೆಂಪಯ್ಯನಿಗೆ ಒಂದು ಸಲವೂ ಯಾರೂ ಎಲೆ ಹಾಕಿಲ್ಲ, ಹೆಸರು ಕೂಗಿಲ್ಲ.

“ಈಗ ಇಕ್ಕಿ ಅಪ್ಪ, ಯಾರು ಬೇಡ ಅಂದರು?” ಎಂದೆ.

“ಎಂಗವ್ವ ಇಕ್ಕದು? ಎಲ್ಲಿ ಸತ್ತ, ಮಣ್ ಮಾಡಿದ್ರೋ ಸುಟ್ರೋ, ಒಂದ್ ಮಾತಾದ್ರೂ ಯಾರಾದ್ರೂ ಹೇಳ್ಬೇಕಲ್ಲ. ಬದುಕವ್ನೋ ಸತ್ತವ್ನೋ ಅಂತ ಕೇಳ್ದೆ ಎಡೆ ಇಕ್ಕುದ್ರೆ ಅದು ಬೈಗುಳ ಕಣವ್ವ.”

ಬದುಕಿದ್ದರೆ ಅವನಿಗೆ ನೂರಾ ನಲವತ್ತೋ ಐವತ್ತೋ ಆಗಿರಬೇಕು. ಆದರೂ ಅಪ್ಪನಿಗೆ ಸುದ್ದಿ ಬೇಕು. ನಾನು ಆ ಮನೆಯಲ್ಲಿ ಓದಿದ ಮೊದಲನೆಯವಳು. ಹೆಬ್ಬಾಳದಲ್ಲಿ ಐದು ವರ್ಷ ಪಶುವೈದ್ಯಕೀಯ ಓದಿದೆ. ಇಂಗ್ಲಿಷ್ ಬಾರದೆ ಮೊದಲ ವರ್ಷ ಎರಡು ಪೇಪರು ಬಿದ್ದು, ಮತ್ತೆ ಕೂತು ಪಾಸಾದೆ. “ಕುರಿಗ್ ಸೂಜಿ ಚುಚ್ಚಕ್ಕೆ ಐದ್ ವರ್ಸ ಓದ್ಬೇಕೇನ್ಲಾ ಸಿದ್ದಾ?” ಎಂದು ದೊಡ್ಡಪ್ಪ ಅಪ್ಪನನ್ನು ಬಸ್ ನಿಲ್ದಾಣದಲ್ಲೇ ಹತ್ತು ಜನರ ಮುಂದೆ ಕೇಳಿದ್ದರು. ಈಗ ಅವರ ಎಮ್ಮೆ ಈಯುವಾಗ ತೊಂದರೆಯಾದರೆ ಬೆಸಗರಹಳ್ಳಿಯ ಪಶು ಆಸ್ಪತ್ರೆಯಲ್ಲಿರುವ ನನಗೇ ಫೋನು. ಹುಡುಕುವ ಕೆಲಸವನ್ನು ನಾನೇ ತಲೆಗೆ ಹಾಕಿಕೊಂಡೆ. ಅಷ್ಟು ಓದಿ, ಒಬ್ಬ ಮನುಷ್ಯ ಎಲ್ಲಿ ಸತ್ತನೆಂದು ಹೇಳಲಾಗದಿದ್ದರೆ ಓದು ಯಾವ ಕೆಲಸಕ್ಕೆ?

ಕುರಿ ಕೇಂದ್ರ, ಉತ್ತರ ಇಂಗ್ಲೆಂಡ್

ಮನುಷ್ಯನನ್ನು ಹುಡುಕಿದರೆ ಸಿಗುವುದಿಲ್ಲವೆಂದು ನನಗೆ ಗೊತ್ತಿತ್ತು. ಅದಕ್ಕೇ ಕುರಿಯನ್ನು ಹುಡುಕಿದೆ. ಇಂಗ್ಲಿಷಿನವರು ಕುರಿಯ ಲೆಕ್ಕ ಬಿಡುವವರಲ್ಲ. ಒಂದು ಕುರಿ ಸಾಕುವವರ ಸಂಘಕ್ಕೆ ಬರೆದೆ. ಬಂಡೂರು ಕುರಿ ಹೇಗಿರುತ್ತದೆ ಎಂದು ವರ್ಣಿಸಿದೆ: ಗಿಡ್ಡ ಕಾಲು, ಕೊಂಬಿಲ್ಲದ ತಲೆ, ಹಿಂದಿನಿಂದ ನೋಡಿದರೆ ತೊಡೆಗಳು ಕಮಾನಿನ ಹಾಗೆ. ನಾಲ್ಕು ತಿಂಗಳಿಗೆ ಒಬ್ಬ ಮುದುಕರಿಂದ ಉತ್ತರ ಬಂತು. ಹಳೆಯ ಮಂದೆ ಪುಸ್ತಕವೊಂದರಲ್ಲಿ ಇದೆಯಂತೆ: ಇಂಥ ಊರಿನ ಜಮೀನ್ದಾರನೊಬ್ಬ ಮೈಸೂರು ಸೀಮೆಯಿಂದ ಆರು ಹೆಣ್ಣು, ಎರಡು ಟಗರು ತರಿಸಿದ್ದ. ಕೆಳಗೆ ಒಂದು ಸಾಲು, ‘ಜೊತೆಗೆ ಒಬ್ಬ ದೇಶೀ ಪಾಲಕ’.

ಎಂಟು ಕುರಿಗೂ ಎತ್ತರ, ತೂಕ, ಬಣ್ಣ, ಹಲ್ಲು ಬರೆದಿದ್ದರು. ಪಾಲಕನಿಗೆ ಹೆಸರೂ ಇಲ್ಲ.

ಅದೇ ವರ್ಷ ನಮ್ಮ ಇಲಾಖೆಯಿಂದ ಇಬ್ಬರನ್ನು ಇಂಗ್ಲೆಂಡಿನ ಕುರಿ ಸಾಕಣೆ ತರಬೇತಿಗೆ ಕಳಿಸುವುದಿತ್ತು. ಹಿರಿಯ ಅಧಿಕಾರಿಯೊಬ್ಬರು “ಚಳಿ ಪ್ರದೇಶ ಮೇಡಂ, ನಿಮಗೆ ಕಷ್ಟವಾಗುತ್ತೆ” ಎಂದರು. ಕೆರಗೋಡಿನ ಕಡೆ ಡಿಸೆಂಬರಿನಲ್ಲಿ ಕಬ್ಬಿನ ಗದ್ದೆಯ ನೀರಿನಲ್ಲಿ ನಿಂತು ಕರು ಎಳೆದವಳಿಗೆ ಚಳಿಯ ಪಾಠ! ಅರ್ಹತಾ ಪಟ್ಟಿಯನ್ನು ಮೇಜಿನ ಮೇಲಿಟ್ಟೆ. ನನ್ನ ಹೆಸರು ಮೇಲಿತ್ತು. ಸಹಿ ಹಾಕಿದರು.

ಕೇಂದ್ರದಲ್ಲಿ ಮೊದಲ ದಿನವೇ ಮರ್ಯಾದೆ ಹೋಯಿತು. ಅಲ್ಲಿನ ಕುರಿಯನ್ನು ಹಿಂಬದಿಯ ಮೇಲೆ ಕೂರಿಸಿ ಗೊರಸು ನೋಡಬೇಕು. ನಮ್ಮ ಬಂಡೂರು ಕುರಿಯಾದರೆ ಕಂಕುಳಲ್ಲಿ ಇರುಕಿಕೊಂಡು ಹೋಗಬಹುದು. ಅಲ್ಲಿಯದು ಕುರಿಯಲ್ಲ, ಉಣ್ಣೆ ಹೊದ್ದ ಎಮ್ಮೆ. ನಾನು ಅದನ್ನು ಕೂರಿಸುವ ಬದಲು ಅದು ನನ್ನನ್ನು ಕೆಸರಲ್ಲಿ ಕೂರಿಸಿತು. ಯಾರೂ ನಗಲಿಲ್ಲ. ನಮ್ಮೂರಾಗಿದ್ದರೆ ವಾರ ಪೂರ್ತಿ ಆಡಿಕೊಂಡು ನಗುತ್ತಿದ್ದರು, ಆದರೆ ಕೈಹಿಡಿದು ಎಬ್ಬಿಸುತ್ತಲೂ ಇದ್ದರು. ಇಲ್ಲಿ ಆರು ಜನ ‘ಸಾರಿ’ ಎಂದರು, ಎದ್ದದ್ದು ನಾನೇ.

ಈ ಜನಕ್ಕೆ ‘ಸಾರಿ’ ಉಸಿರಾಟದ ಹಾಗೆ. ಬಸ್ಸಿನಲ್ಲಿ ನೀವು ಅವರ ಕಾಲು ತುಳಿದರೂ ಸಾರಿ ಅವರದೇ. ಇಳಿಯುವಾಗ ಪ್ರತಿಯೊಬ್ಬರೂ ಡ್ರೈವರಿಗೆ ಥ್ಯಾಂಕ್ಸ್ ಹೇಳುತ್ತಾರೆ. ಮದ್ದೂರಿನಲ್ಲಿ ಹಾಗೆ ಹೇಳಿದರೆ ಈಯಮ್ಮನಿಗೆ ಏನಾಗಿದೆ ಎಂದು ಡ್ರೈವರು ತಿರುಗಿ ನೋಡಿಯಾನು. ಒಳ್ಳೆಯ ಅಭ್ಯಾಸವೇ. ಎರಡನೇ ವಾರಕ್ಕೆ ನಾನೂ ಹೇಳತೊಡಗಿದೆ. ಆದರೆ ಇಷ್ಟು ಸಲೀಸಾಗಿ ಸಾರಿ ಹೇಳುವವರು ಹೇಳಬೇಕಾದ ಕಡೆ ಹೇಳಿದ್ದಾರಾ ಎಂಬುದೊಂದು ಮನಸ್ಸಿನಲ್ಲಿ ಕೊರೆಯುತ್ತಿತ್ತು.

ದಾಖಲೆ ಕಚೇರಿ, ಮೊದಲ ದಿನ

ಆ ಜಿಲ್ಲೆಯ ಹಳೆಯ ಚರ್ಚುಗಳ ಪುಸ್ತಕಗಳನ್ನೆಲ್ಲ ಒಂದೇ ಕಟ್ಟಡದಲ್ಲಿಟ್ಟಿದ್ದಾರೆ. ಯಾರಿಗೆ ಯಾವತ್ತು ನಾಮಕರಣವಾಯಿತು, ಮದುವೆಯಾಯಿತು, ಯಾರು ಯಾವತ್ತು ಮಣ್ಣಾದರು ಎಲ್ಲವೂ ಇರುತ್ತದೆ. ಪೆನ್ನು ಒಳಗೆ ಬಿಡುವುದಿಲ್ಲ, ಪೆನ್ಸಿಲ್ ಮಾತ್ರ. ಚೀಲವೂ ಹೊರಗೆ. ಕಚೇರಿಯ ಗ್ರಹಾಂ ಎಂಬವರು, ಅರವತ್ತರ ಹತ್ತಿರದವರು, ಅರ್ಜಿ ಕೊಟ್ಟರು. ಅದರಲ್ಲಿ ಕುಟುಂಬದ ಹೆಸರು ಎಂಬ ಅಂಕಣ ಖಾಲಿ ಬಿಟ್ಟೆ.

“ಇಲ್ಲಿ ನಿಮ್ಮ ಮನೆತನದ ಹೆಸರು ಬರೆಯಬೇಕು.”

“ನಮಗೆ ಇಲ್ಲ. ಊರಿನ ಹೆಸರು, ಅಪ್ಪನ ಹೆಸರು, ನನ್ನ ಹೆಸರು. ಅಷ್ಟೇ.”

“ಹಾಗಾದರೆ ಯಾರು ಯಾರ ಮನೆಯವರು ಎಂದು ಹೇಗೆ ತಿಳಿಯುತ್ತದೆ?”

“ಮೊಪೆಡ್ಡಿನಲ್ಲಿ ಒಬ್ಬರು ಬಂದು ಹೇಳುತ್ತಾರೆ,” ಎಂದೆ. ತಮಾಷೆ ಎಂದುಕೊಂಡು ನಕ್ಕರು. ನಾನು ನಗಲಿಲ್ಲ.

ಪುಸ್ತಕ ಬಂತು. ದಪ್ಪ ಹಾಳೆ, ಕಂದು ಶಾಯಿ. ನಾನು ಅಭ್ಯಾಸಬಲದಿಂದ ಬೆರಳನ್ನು ನಾಲಿಗೆಗೆ ತಾಗಿಸಿ ಹಾಳೆ ತಿರುವಿದೆ. ನಮ್ಮ ಕಡೆ ಲೆಡ್ಜರು ತಿರುವುವುದೇ ಹಾಗೆ. ಗ್ರಹಾಂ ಓಡಿ ಬಂದರು. ಅವರ ಮುಖ ನೋಡಿದರೆ ನಾನು ಹಾಳೆಯನ್ನು ಹರಿದು ಬಾಯಿಗೆ ಹಾಕಿಕೊಂಡೆನೇನೋ ಎನ್ನಬೇಕು. “ದಯವಿಟ್ಟು, ಒಣಗಿದ ಕೈಯಲ್ಲಿ,” ಎಂದರು. ಈ ಸಲ ಸಾರಿ ಹೇಳಿದ್ದು ನಾನು. ನ್ಯಾಯವಾಗಿಯೇ ಹೇಳಿದೆ. ನಮ್ಮ ಕಡೆಯ ಒಂದು ದಾಖಲೆ ಕೋಣೆಯಲ್ಲಿ ಇಲಿ ತಿಂದ ಕಡತವನ್ನು ಕಸಬರಿಗೆಯಲ್ಲಿ ಗುಡಿಸಿದ್ದನ್ನು ಕಂಡವಳು ನಾನು. ಹಾಳೆಗೆ ಕೊಡುವ ಈ ಮರ್ಯಾದೆ ನೋಡಿ ಹೊಟ್ಟೆ ಉರಿಯಿತು.

ಮಧ್ಯಾಹ್ನದ ಹೊತ್ತಿಗೆ ಸಿಕ್ಕಿದ. ಮೊದಲು ಜ್ಞಾನಸ್ನಾನದ, ಅಂದರೆ ತಲೆಗೆ ನೀರು ಹಾಕಿ ಕ್ರೈಸ್ತ ಮತಕ್ಕೆ ಸೇರಿಸಿಕೊಂಡವರ ಪುಸ್ತಕದಲ್ಲಿ: ‘ವಯಸ್ಕ, ಮೈಸೂರು ಸೀಮೆಯವನು, ಭಾರತೀಯ ಕುರಿಗಳ ಪಾಲಕ. ಹೆಸರಿಟ್ಟದ್ದು: ಥಾಮಸ್ ಮೈಸೋರ್.’ ಅಪ್ಪ ಅಮ್ಮನ ಹೆಸರಿನ ಜಾಗದಲ್ಲಿ ಒಂದು ಗೆರೆ. ಕೇಳಿದ್ದರೆ ಹೇಳುತ್ತಿದ್ದ! ನಮ್ಮಲ್ಲಿ ಕುರಿ ಕಾಯುವವನಿಗೂ ಅಪ್ಪನ ಹೆಸರಿರುತ್ತದೆ. ಒಂದು ಸೀಮೆಯ ಹೆಸರನ್ನು ಹಣೆಗೆ ಅಂಟಿಸಿ ಕಳಿಸಿದ್ದಾರೆ, ಸಂತೆಗೆ ಹೊಡೆಯುವ ದನಕ್ಕೆ ಬಣ್ಣ ಬಳಿದ ಹಾಗೆ.

ಆಮೇಲೆ ಮಣ್ಣು ಮಾಡಿದವರ ಪುಸ್ತಕದಲ್ಲಿ ಅದೇ ಹೆಸರು. ಅಂಚಿನಲ್ಲಿ ಪಾದ್ರಿ ಸಣ್ಣ ಅಕ್ಷರದಲ್ಲಿ ಬರೆದಿದ್ದ. ಮೂರು ಸಲ ಓದಿದೆ. ‘ಮೈಸೂರಿನಲ್ಲಿ ತನಗೆ ತಮ್ಮನಿದ್ದಾನೆಂದು ಮೃತನು ಹೇಳಿಕೊಳ್ಳುತ್ತಿದ್ದ. ವಿಚಾರಿಸಲಾಗಿ ಅದು ಸುಳ್ಳೆಂದು ತಿಳಿಯಿತು.’

ಸುಳ್ಳು! ಆ ತಮ್ಮನ ಮರಿಮಗಳು ಪೆನ್ಸಿಲ್ ಹಿಡಿದು ಎದುರಿಗೆ ಕೂತಿದ್ದೇನೆ. ಎದ್ದು ಹೋಗಿ ಗ್ರಹಾಂಗೆ ಹೇಳಿದೆ, “ಇದನ್ನು ಅಳಿಸಬೇಕು.”

“ಇಲ್ಲಿ ಯಾವುದನ್ನೂ ಅಳಿಸುವುದಿಲ್ಲ,” ಎಂದರು ಮೆಲ್ಲಗೆ. “ಆದರೆ ಪಾದ್ರಿ ವಿಚಾರಿಸಿದ್ದಾನೆಂದರೆ ಕಾಗದಪತ್ರ ಇರಬೇಕು. ಆ ಊರಿನ ಚರ್ಚಿನ ಪೆಟ್ಟಿಗೆಗಳು ನಮ್ಮಲ್ಲಿವೆ, ತರಿಸಲು ಒಂದು ದಿನ ಬೇಕು.”

ಚರ್ಚು

ಆ ಒಂದು ದಿನ ಚರ್ಚಿನ ಊರಿಗೆ ಹೋದೆ. ಊರಿನ ಹೆಸರು ಬರೆಯುವುದಿಲ್ಲ. ಅಲ್ಲಿ ಈಗ ಇರುವವರು ಏನೂ ತಪ್ಪು ಮಾಡಿದವರಲ್ಲ. ಚರ್ಚು ನೋಡಿಕೊಳ್ಳುವ ಮಿಸೆಸ್ ಹಾರ್ಲೆ ಎಂಬ ಹೆಂಗಸು, ನಮ್ಮ ಅಮ್ಮನ ವಯಸ್ಸಿನವರು, ಬೀಗದ ಕೈ ಹಿಡಿದು ಕಾಯುತ್ತಿದ್ದರು. ಮೊದಲು ಒಳಗೆ ಕರೆದುಕೊಂಡು ಹೋಗಿ ಗೋಡೆಯ ಮೇಲಿನ ಒಂದು ಫೋಟೋ ತೋರಿಸಿದರು. ಆ ಊರಿಗೆ ಅದರ ಬಗ್ಗೆ ಹೆಮ್ಮೆ.

ಫೋಟೋದಲ್ಲಿ ನಮ್ಮ ಕುರಿಗಳು! ನೂರು ವರ್ಷ ಹಿಂದಿನದಾದರೇನು, ಆ ಗಿಡ್ಡ ಕಾಲು, ಆ ದುಂಡಗಿನ ಮೈ, ಬಂಡೂರು ಸಂತೆಯಿಂದ ಈಗತಾನೇ ಹೊಡೆದುಕೊಂಡು ಬಂದ ಹಾಗಿತ್ತು. ಎಂಟೂ ಪೂರ್ತಿ ಮೂಡಿವೆ. ಹಿಂದೆ ನಿಂತ ಮನುಷ್ಯನದು ಸೊಂಟದಿಂದ ಕೆಳಗೆ ಮಾತ್ರ. ಅವನ ತಲೆ ಚೌಕಟ್ಟಿನ ಆಚೆ ಎಲ್ಲೋ ಉಳಿದುಹೋಗಿದೆ. ಒಂದು ಕೈ ಮಾತ್ರ ಕೆಳಗೆ ಬಂದು ಟಗರಿನ ದವಡೆಯ ಅಡಿ ಹಿಡಿದಿದೆ. ನಾಲ್ಕು ಬೆರಳು ದವಡೆಯ ಕೆಳಗೆ, ಹೆಬ್ಬೆರಳು ಕೆನ್ನೆಯ ಮೇಲೆ. ನಮ್ಮ ಊರವರು ಹಿಡಿಯುವುದು ಹಾಗೇ. ನಾನೂ ಹಾಗೇ ಹಿಡಿಯುತ್ತೇನೆ. ಇಲ್ಲಿನವರು ಕುತ್ತಿಗೆಯ ಸುತ್ತ ಕೈ ಹಾಕುತ್ತಾರೆ.

“ಕುರಿಗಳು ಎರಡು ಚಳಿಗಾಲ ತಡೆಯಲಿಲ್ಲವಂತೆ, ಪಾಪ,” ಎಂದರು ಮಿಸೆಸ್ ಹಾರ್ಲೆ.

“ಮತ್ತೆ ಅವನನ್ನು ಯಾಕೆ ವಾಪಸ್ಸು ಕಳಿಸಲಿಲ್ಲ?”

ಅವರಿಗೆ ಗೊತ್ತಿರಲಿಲ್ಲ. ಯಾರಿಗೂ ಗೊತ್ತಿಲ್ಲ. ಕುರಿ ಸತ್ತ ಮೇಲೆ ಕುರಿಯವನ ದಾರಿ ಖರ್ಚು ಯಾರಿಗೆ ಬೇಕು? ಇಪ್ಪತ್ತು ವರ್ಷಕ್ಕೂ ಮೇಲೆ ಆ ಗುಡ್ಡದಲ್ಲಿ ಪರರ ಕುರಿ ಕಾದು ಸತ್ತಿದ್ದಾನೆ.

ಗೋರಿಯ ಜಾಗ ನಕ್ಷೆಯಲ್ಲಿತ್ತು. ಉತ್ತರದ ಗೋಡೆಯ ಮೂಲೆ, ಕಲ್ಲಿಲ್ಲ, ಬರೀ ಹುಲ್ಲು. ನಾನು ಚಪ್ಪಲಿ ಬಿಟ್ಟು ನಿಂತೆ. ಹುಲ್ಲು ಒದ್ದೆ, ಮಂಜುಗಡ್ಡೆಯಷ್ಟು ತಣ್ಣಗೆ.

“ಕಾಲಿಗೆ ಏನಾದರೂ ಚುಚ್ಚಿತಾ?” ಎಂದು ಮಿಸೆಸ್ ಹಾರ್ಲೆ ಗಾಬರಿಯಾದರು. ಹೀಗೆ ನಿಲ್ಲುವುದು ನಮ್ಮ ಪದ್ಧತಿ ಎಂದೆ. ಆಕೆ ಒಂದು ಗಳಿಗೆ ಯೋಚಿಸಿ, ತಮ್ಮ ಬೂಟಿನ ಲೇಸು ಬಿಚ್ಚಲು ಬಗ್ಗಿದರು. ಆ ವಯಸ್ಸಿನಲ್ಲಿ ಬೇಡವೆಂದು ನಾನೇ ತಡೆದೆ. ಒಳ್ಳೆಯ ಹೆಂಗಸು. ಆದರೆ ಆಮೇಲೆ ಒಂದು ಮಾತಾಡಿದರು. “ಕೊನೆಗೆ ಅವನಿಗೆ ನಮ್ಮ ನಡುವೆ ಒಂದು ಮನೆ ಸಿಕ್ಕಿತಲ್ಲ, ಅದೊಂದು ಸಮಾಧಾನ.”

“ಅವನಿಗೆ ಮನೆ ಇತ್ತು ಕಣಮ್ಮ!” ಎಂದುಬಿಟ್ಟೆ, ಕನ್ನಡದಲ್ಲಿ. ಆಕೆ ಹೆದರಿ ಒಂದು ಹೆಜ್ಜೆ ಹಿಂದೆ ಸರಿದರು. ಇಂಗ್ಲಿಷಿನಲ್ಲಿ ಹೇಳಿದೆ. “ಇವನಿಗೆ ಮನೆ ಇತ್ತು. ತಮ್ಮನಿದ್ದ. ನಿಮ್ಮ ಪಾದ್ರಿ ಸುಳ್ಳೆಂದು ಬರೆದಿದ್ದಾನೆ. ನಾಳೆ ಅದನ್ನು ತೋರಿಸುತ್ತೇನೆ.”

ಬಹಳ ಜೋರಾಗಿಯೇ ಹೇಳಿದೆ. ಅವತ್ತು ನನಗೆ ಅಷ್ಟು ಧೈರ್ಯವಿತ್ತು.

ದಾಖಲೆ ಕಚೇರಿ, ಮೂರನೆಯ ದಿನ

ಪೆಟ್ಟಿಗೆಯಲ್ಲಿ ಬಿಳಿ ದಾರ ಕಟ್ಟಿದ ಒಂದು ಕಂತೆ. ಮೊದಲ ಕಾಗದ ಕೆಂಪಯ್ಯನ ಉಯಿಲು. ಅವನು ಹೇಳಿದ್ದನ್ನು ಪಾದ್ರಿ ಇಂಗ್ಲಿಷಿನಲ್ಲಿ ಬರೆದುಕೊಂಡಿದ್ದ. ನಾನು ಅದನ್ನು ನಮ್ಮ ಮಾತಿಗೆ ತಂದರೆ ಹೀಗಾಗುತ್ತದೆ:

‘ಮಳವಳ್ಳಿ ಸೀಮೆಯಲ್ಲಿರುವ ನನ್ನ ತಮ್ಮ ಬೋರಯ್ಯನಿಗೆ, ಅವನಿಲ್ಲದಿದ್ದರೆ ಅವನ ಮಗನಿಗೆ, ನನ್ನ ಉಣ್ಣೆ ಕತ್ತರಿ, ನಾನೇ ನೇಯ್ದ ಕಂಬಳಿ, ಕೈಗಡಿಯಾರ. ಮನೆಯಲ್ಲಿ ಸತ್ತವರಿಗೆ ಉಣಬಡಿಸುವ ದಿನ ನನಗೂ ಒಂದು ಎಲೆ ಹಾಕಿ ನನ್ನ ಹೆಸರು ಕೂಗಬೇಕು. ಕೆಂಪಯ್ಯ ಎಂದು ಕೂಗಬೇಕು. ಥಾಮಸ್ ಎಂದು ಕೂಗಿದರೆ ನನಗೆಂದು ತಿಳಿಯುವುದಿಲ್ಲ.’

ಕೆಳಗೆ ಅವನ ಗುರುತು. ಬರೆಯಲು ಬಾರದವರು ಅಲ್ಲಿ ಒಂದು ಕತ್ತರಿ ಗೀಟು ಹಾಕುತ್ತಿದ್ದರಂತೆ. ಇವನು ಕುರಿಯ ಕಿವಿಯ ಚಿತ್ರ ಬರೆದು ಅದರ ತುದಿಯಲ್ಲಿ ಎರಡು ಕಚ್ಚು ಹಾಕಿದ್ದ. ನಮ್ಮ ಮನೆಯ ಕುರಿಗಳ ಕಿವಿಗೆ ಇವತ್ತಿಗೂ ಹಾಕುವುದು ಆ ಎರಡು ಕಚ್ಚನ್ನೇ. ಇನ್ನು ಯಾವ ಸಾಕ್ಷಿ ಬೇಕು?

ಎರಡನೆಯದು, ಪಾದ್ರಿ ಬರೆದ ವಿಚಾರಣೆಗೆ ಮೈಸೂರು ಕಡೆಯಿಂದ ಯಾರೋ ಗುಮಾಸ್ತ ಕಳಿಸಿದ ಇಂಗ್ಲಿಷ್ ಉತ್ತರ. ಎರಡೇ ಸಾಲು. ವಿಚಾರಿಸಲಾಯಿತು, ಸದರಿ ವ್ಯಕ್ತಿಯ ಕುಟುಂಬ ಆ ಗ್ರಾಮದಲ್ಲಿ ಇಲ್ಲ, ಹೇಳಿಕೆ ಲಗತ್ತಿಸಿದೆ. ಎದ್ದು ನೋಡದೆ ಬರೆದ ಉತ್ತರ!

ಆಗ ಗ್ರಹಾಂ ಮೂರನೆಯ ಹಾಳೆಯನ್ನು ಮುಂದೆ ಸರಿಸಿದರು. “ನಮ್ಮ ಪಟ್ಟಿಯಲ್ಲಿ ಇದು ‘ಗುರುತಿಸಲಾಗದ ಭಾರತೀಯ ಲಿಪಿ, ಒಂದು ಹಾಳೆ’ ಎಂದಿದೆ. ಇದು ಇಲ್ಲಿಗೆ ಬಂದಾಗಿನಿಂದ ಯಾರೂ ಓದಿಲ್ಲ. ನಿಮಗೆ ಬರುತ್ತದೆಯೇ?”

ಕನ್ನಡ. ನಮ್ಮ ಊರಿನ ಹೆಸರಿನಿಂದಲೇ ಶುರು.

‘…ಗ್ರಾಮದ ವಾಸಿ ಬೋರಯ್ಯನ ಹೇಳಿಕೆ. ನನಗೆ ಕೆಂಪಯ್ಯನೆಂಬ ಒಡಹುಟ್ಟಿದ ಅಣ್ಣ ಇದ್ದದ್ದು ನಿಜ. ಅವನು ಪರದೇಶದಲ್ಲಿ ಕಿರಿಸ್ತಾನನಾದ ಸುದ್ದಿ ತಿಳಿದ ದಿವಸ, ಕುಲಸ್ಥರ ಮುಂದೆ ಅವನು ಸತ್ತನೆಂದು ತಲೆ ಮೇಲೆ ನೀರು ಹುಯ್ದುಕೊಂಡು ಶುದ್ಧರಾಗಿರುತ್ತೇವೆ. ಅವನ ಸಾಮಾನು ನಮಗೆ ಬೇಡ. ಅವನಿಗೆ ಎಡೆ ಇಡುವುದಿಲ್ಲ. ಅವನ ಹೆಸರನ್ನು ನಮ್ಮ ಮನೆಯಲ್ಲಿ ಕೂಗುವುದಿಲ್ಲ, ನನ್ನ ಮಕ್ಕಳಿಗೂ ಹೇಳುವುದಿಲ್ಲ. ಓದಿಸಿ ಕೇಳಿ ಒಪ್ಪಿ ಹಾಕಿದ ಹೆಬ್ಬೆಟ್ಟು.’

ಹೆಬ್ಬೆಟ್ಟಿನ ಮಸಿ ಇನ್ನೂ ಕಪ್ಪಗಿತ್ತು. ಗೆರೆಗಳು ಎಣಿಸ ಬರುವಷ್ಟು ಸ್ಪಷ್ಟ. ನನ್ನ ಮುತ್ತಾತನದು.

ಅಣ್ಣ ಉಸಿರಾಡುತ್ತಿರುವಾಗಲೇ ಸತ್ತನೆಂದು ಮಿಂದವರು! ಇನ್ನೊಬ್ಬರ ಕುರಿ ಕಾಯಲು ಕಳಿಸಿ, ಅವನು ಅಲ್ಲಿ ಯಾವ ಚಳಿಗೆ, ಯಾವ ಒಂಟಿತನಕ್ಕೆ, ಯಾರ ಬಲವಂತಕ್ಕೆ ತಲೆಯ ಮೇಲೆ ನೀರು ಹಾಕಿಸಿಕೊಂಡನೋ ಕೇಳದೆ, ಇಲ್ಲಿ ಇವರು ತಮ್ಮ ತಲೆಗೆ ನೀರು ಹಾಕಿಕೊಂಡು ಕೈ ತೊಳೆದುಕೊಂಡರು. ಮೂರು ದಿನದಿಂದ ನಾನು ಪಾದ್ರಿಯನ್ನು ಬೈಯುತ್ತಿದ್ದೆ. ಪಾದ್ರಿಯಾದರೂ ಏಳು ಸಮುದ್ರದಾಚೆಗೆ ಕಾಗದ ಬರೆದು ಕೇಳಿದ್ದ, ಕನ್ನಡ ಓದಲು ಬಾರದೆ ಗುಮಾಸ್ತನ ಎರಡು ಸಾಲನ್ನು ನಂಬಿದ್ದ.

ಗ್ರಹಾಂಗೆ ವಿಷಯ ಹೇಳಿದೆ. ಅವರು ಆ ಹಾಳೆಯನ್ನು ತಮ್ಮ ಕಡೆ ತಿರುಗಿಸಿಕೊಂಡರು. “ಪಾದ್ರಿಯ ಮಾತನ್ನು ಅಳಿಸಲಾಗದು. ಆದರೆ ನೀವು ಈ ಹಾಳೆಯನ್ನು ಅನುವಾದಿಸಿ ಸಹಿ ಮಾಡಿಕೊಟ್ಟರೆ, ಆ ಸಾಲನ್ನು ಓದುವ ಪ್ರತಿಯೊಬ್ಬರಿಗೂ ಇದೂ ಕಾಣುವಂತೆ ಸೇರಿಸುತ್ತೇವೆ. ಅವನು ಸುಳ್ಳನಲ್ಲ ಎಂದು ಗೊತ್ತಾಗುತ್ತದೆ. ಒಂದೇ ಶರತ್ತು, ಪೂರ್ತಿ ಅನುವಾದಿಸಬೇಕು.”

ನಾನು ಪೆನ್ಸಿಲ್ ಹಿಡಿದು ಮೊದಲ ವಾಕ್ಯ ಬರೆದೆ. ಅಣ್ಣ ಇದ್ದದ್ದು ನಿಜ. ಅಷ್ಟಕ್ಕೇ ನಿಲ್ಲಿಸಿದ್ದರೆ ಕೆಂಪಯ್ಯನೂ ಬಚಾವು, ನಾವೂ ಬಚಾವು. ಉಳಿದದ್ದು ಮಾಸಿ ಓದಲಾಗುತ್ತಿಲ್ಲ ಎನ್ನಬಹುದಿತ್ತು. ಅಲ್ಲಿ ಕನ್ನಡ ಬರುವವರು ಯಾರಿದ್ದರು? ಆ ಯೋಚನೆ ಬಂತು, ಬರಲಿಲ್ಲ ಎಂದು ಬರೆದರೆ ಅದು ಸುಳ್ಳು. ಪೆನ್ಸಿಲ್ ಇಟ್ಟು ಹೊರಗೆ ಬಂದೆ.

ಕಚೇರಿಯ ಮುಂದಿನ ಬೆಂಚು

ಊರಲ್ಲಿ ಆಗ ಸಂಜೆ. ಅಪ್ಪ ಫೋನು ಎತ್ತಿದರು.

“ಉಂಡ್ಯೇನವ್ವ?”

“ಅಪ್ಪ, ಕೆಂಪಯ್ಯ ಸಿಕ್ಕಿದ್ದಾರೆ. ಇಲ್ಲೇ ಮಣ್ಣಾಗಿದ್ದಾರೆ. ಆ ಜಾಗದಲ್ಲಿ ನಿಂತು ಬಂದೆ.”

“ಅಯ್ಯೋ ದೇವ್ರೇ,” ಎಂದರು. ಉಯಿಲು ಓದಿ ಹೇಳಿದೆ. ಆಮೇಲೆ ಹೇಳಿಕೆಯನ್ನೂ, ಒಂದು ಅಕ್ಷರ ಬಿಡದೆ. ಆ ಕಡೆಯಿಂದ ಬಂದದ್ದು ದೊಡ್ಡಪ್ಪನ ದನಿ. ಪಕ್ಕದಲ್ಲೇ ಕೂತು ಎಲ್ಲ ಕೇಳಿಸಿಕೊಂಡಿದ್ದಾರೆ.

“ಲೇ ಕೂಸೇ, ನಮ್ಮ ತಾತ ಎಬ್ಬೆಟ್ ಒತ್ತಿದ್ನ ಆ ಬಿಳಿಯೋರಿಗ್ ಬರ್ಕೊಡ್ತೀಯ? ಮನೆ ಮಾನ ತಗಂಡೋಗಿ ಪರದೇಸದಲ್ ಅರ್ವ್‌ತೀಯೇನಮ್ಮಿ? ಇದ್ಕೇನಾ ನಿನ್ನ ಓದ್ಸಿದ್ದು?”

“ನೀವು ಓದಿಸಲಿಲ್ಲ ದೊಡ್ಡಪ್ಪ. ಅಪ್ಪ ಓದಿಸಿದ್ದು.”

“ಬಾಯ್ ನೋಡು! ಆ ಕಾಲ ಅಂಗಿತ್ತು. ಕುಲದೋರು ನೀರ್ ಬೆಂಕಿ ಕೊಡ್ತಿರ್ಲಿಲ್ಲ. ತಾತ ಏನ್ ಮಾಡಾನು?”

“ಅದಕ್ಕೆ ಒಬ್ಬ ಮನುಷ್ಯ ನೂರು ವರ್ಷ ಸುಳ್ಳ ಅನ್ನಿಸಿಕೊಂಡು ಬಿದ್ದಿರಬೇಕಾ? ಕುಲದವರಿಗೆ ಹೆದರಿದ್ದು ನಾವು, ಸುಳ್ಳ ಆದದ್ದು ಅವನು.”

ಬೆಂಚಿನ ಇನ್ನೊಂದು ತುದಿಯಲ್ಲಿ ಕೂತಿದ್ದ ಮುದುಕರೊಬ್ಬರು ನನ್ನ ಗಲಾಟೆಗೆ ‘ಸಾರಿ’ ಎಂದು ಎದ್ದು ಹೋದರು. ಫೋನು ಮತ್ತೆ ಅಪ್ಪನ ಕೈಗೆ ಬಂತು. ಅಪ್ಪ ಅಣ್ಣನಿಗೆ ಯಾವತ್ತೂ ಎದುರಾಡಿದವರಲ್ಲ. ಅವರೂ ಬೇಡ ಎನ್ನುತ್ತಾರೆ ಎಂದುಕೊಂಡೆ.

“ಅಲ್ಲಿ ಏನ್ ಉಣ್ತಿದ್ನಂತವ್ವ?”

“ಏನಪ್ಪ?”

“ಎಡೆಗೆ ಅವ್ರವ್ರ್ ಇಷ್ಟದ್ದೇ ಇಕ್ಬೇಕಲ್ಲ. ನಮ್ಮವ್ವಂಗೆ ಕಜ್ಜಾಯ, ನಮ್ಮಪ್ಪಂಗೆ ಬೀಡಿ. ಅವ್ನಿಗೇನ್ ಇಷ್ಟ ಅಂತ ಬರ್ದವ್ರೇನೋ ನೋಡು.”

ಒಳಗೆ ಹೋಗಿ ಕಂತೆ ಪೂರ್ತಿ ಮತ್ತೆ ಓದಿದೆ. ಬರೆದಿರಲಿಲ್ಲ. ಹುಟ್ಟಿಗೊಂದು ಪುಸ್ತಕ, ಸಾವಿಗೊಂದು ಪುಸ್ತಕ, ಕುರಿಗೆ ಬೇರೆ ಪುಸ್ತಕ. ಅಷ್ಟು ವರ್ಷ ಅವನು ಏನು ತಿಂದನೆಂದು ಒಬ್ಬರಿಗೂ ಬರೆಯಬೇಕೆನಿಸಿಲ್ಲ. ಆ ಸಿಟ್ಟಿನಲ್ಲೇ ಕೂತು ಅನುವಾದ ಮುಗಿಸಿದೆ, ಪೂರ್ತಿ. ಕೆಳಗೆ ನನ್ನ ಹೆಸರು ಬರೆದು, ಡಿಗ್ರಿಯನ್ನೂ ಬರೆದು, ‘ಹೇಳಿಕೆ ಕೊಟ್ಟವನ ಮರಿಮಗಳು’ ಎಂದು ಸೇರಿಸಿದೆ. ಗ್ರಹಾಂ ಓದಿ, ಕೈ ಕುಲುಕಿದರು. ‘ಸಾರಿ’ ಎನ್ನಲಿಲ್ಲ. ಒಳ್ಳೆಯದೇ ಆಯಿತು. ಅವತ್ತು ಇನ್ನೊಂದು ‘ಸಾರಿ’ ಕೇಳುವ ತಾಳ್ಮೆ ನನಗಿರಲಿಲ್ಲ.

ಊರು

ಸೆಪ್ಟೆಂಬರಿನಲ್ಲಿ ಪಿತೃಪಕ್ಷ ಬಂತು. ಅಪ್ಪ ಹೊಸ ಪಂಚೆ ತಂದಿದ್ದರು. ಏಳು ಎಲೆಗಳ ಪಕ್ಕದಲ್ಲಿ ಎಂಟನೆಯದು ಹಾಸಿ ರಾಗಿ ಮುದ್ದೆ, ಉಪ್ಪುಸಾರು, ಖಾರ ಬಡಿಸಿದರು. “ಅಷ್ಟ್ ವರ್ಸ ಮುದ್ದೆ ಕಂಡಿರಲ್ಲ ಕಣವ್ವ ಆ ಮನ್ಸ. ಇದ್ನೇ ಉಣ್ಲಿ,” ಎಂದರು.

ದೊಡ್ಡಪ್ಪ ಬಂದರು. ಎಲೆ ಎಣಿಸಿದರು. ಒಳಗೆ ಕಾಲಿಡಲಿಲ್ಲ.

“ಲೇ ಸಿದ್ದಾ, ಕಿರಿಸ್ತಾನಂಗೆ ಎಡೆ ಇಕ್ಕೀಯೇನ್ಲಾ? ತಾತನೇ ಕೂಗಲ್ಲ ಅಂತ ಎಬ್ಬೆಟ್ ಒತ್ತವ್ನೆ. ಅದ್ನ ಮೀರೀಯ?”

ನಾನು ಬಾಯಿ ತೆರೆದೆ. ಅಪ್ಪ ಕೈಸನ್ನೆಯಲ್ಲಿ ನನ್ನನ್ನು ಸುಮ್ಮನಿರಿಸಿದರು. ಸೌಟು ಕೆಳಗಿಟ್ಟು, ಎಪ್ಪತ್ತು ವರ್ಷದಲ್ಲಿ ಮೊದಲ ಸಲ ಅಣ್ಣನ ಮುಖ ನೋಡಿ ಮಾತಾಡಿದರು.

“ಅಣ್ಣನ್ ಹೆಸ್ರು ತಮ್ಮ ಕೂಗ್ದಿದ್ರೆ ಇನ್ಯಾರ್ ಕೂಗ್ತಾರಣ್ಣ? ನೀನೂ ನನ್ಗೆ ಅಣ್ಣನೇಯ. ನೀನೇ ಹೇಳು, ಕೂಗ್ಲೋ ಬ್ಯಾಡ್ವೋ.”

ದೊಡ್ಡಪ್ಪ ಜಗಲಿಯ ತುದಿಗೆ ಹೋಗಿ ನಮಗೆ ಬೆನ್ನು ಹಾಕಿ ಕೂತರು. ಅವರ ಮೇಲಿನ ಸಿಟ್ಟು ನನಗೆ ಇಳಿದಿರಲಿಲ್ಲ. ಈಗಲೂ ಇಳಿದಿಲ್ಲ. ಎದ್ದು ಹೋಗುವುದಾದರೆ ಹೋಗಲಿ ಎಂದೇ ಅಂದುಕೊಂಡೆ.

ಅಪ್ಪ ಏಳು ಹೆಸರು ಕೂಗಿದರು. ಎಂಟನೆಯದಕ್ಕೆ ದನಿ ತಗ್ಗಿತು. “ಕೆಂಪಯ್ಯ… ಬಾರಪ್ಪ,” ಎಂದದ್ದು ಪಕ್ಕದಲ್ಲಿದ್ದ ನನಗೇ ಸರಿಯಾಗಿ ಕೇಳಲಿಲ್ಲ.

ಜಗಲಿಯ ತುದಿಯಿಂದ, ತಿರುಗಿ ಕೂಡ ನೋಡದೆ, ದೊಡ್ಡಪ್ಪ ಗದರಿದರು.

“ಅಂಗ್ ಗೊಣಗುದ್ರೆ ಅಷ್ಟ್ ದೂರಕ್ ಎಲ್ಲಿ ಕೇಳೀತ್ಲಾ? ಜೋರಾಗ್ ಕೂಗು.”